ರಾಷ್ಟ್ರೀಯ ಯುದ್ಧ ಸ್ಮಾರಕ (ಭಾರತ)

ರಾಷ್ಟ್ರೀಯ ಯುದ್ಧ ಸ್ಮಾರಕವು ಸ್ವಾತಂತ್ರ್ಯಾನಂತರದ ಯುದ್ಧಗಳಲ್ಲಿ ಹಾಗೂ ಸೇನಾ ಕಾರ್ಯಾಚರಣೆಗಳಲ್ಲಿ ಪ್ರಾಣ ತೆತ್ತ ಭಾರತೀಯ ಸಶಸ್ತ್ರ ಪಡೆಗಳ ಯೋಧರ ನೆನಪಿಗಾಗಿ ನವದೆಹಲಿಯಲ್ಲಿ ನಿರ್ಮಿಸಲಾದ ಸ್ಮಾರಕವಾಗಿದೆ. ಇದು ಇಂಡಿಯಾ ಗೇಟ್‌ನ ಪೂರ್ವಕ್ಕೆ, ಕಲ್ಲಿನ ಮಂಟಪದ ಸುತ್ತಲಿನ ಸುಮಾರು 40 ಎಕರೆ ಪ್ರದೇಶದಲ್ಲಿದೆ. ಪ್ರಧಾನಮಂತ್ರಿ ನರೇಂದ್ರ ಮೋದಿಯವರು 2019ರ ಫೆಬ್ರವರಿ 25ರಂದು ಇದನ್ನು ಉದ್ಘಾಟಿಸಿದರು. ಉದ್ಘಾಟನೆಯ ವೇಳೆಗೆ ಇಲ್ಲಿನ ಗ್ರಾನೈಟ್ ಫಲಕಗಳಲ್ಲಿ 25,942 ಯೋಧರ ಹೆಸರುಗಳನ್ನು ಕೆತ್ತಲಾಗಿತ್ತು. ನಂತರದ ವರ್ಷಗಳಲ್ಲಿ ಹೊಸ ಹೆಸರುಗಳು ಸೇರುತ್ತ ಬಂದಿವೆ.

ಸೇನಾಪಡೆಗಳು ಇಂತಹ ಸ್ಮಾರಕವೊಂದನ್ನು ಮೊದಲು ಕೇಳಿದ್ದು 1960ರಲ್ಲಿ. ಬೇಡಿಕೆ ಮತ್ತು ಉದ್ಘಾಟನೆಯ ನಡುವೆ ಸುಮಾರು 6 ದಶಕಗಳು ಕಳೆದವು. ಈ ಅವಧಿಯಲ್ಲಿ ದೇಶವು ಚೀನಾದೊಡನೆ ಒಂದು ಯುದ್ಧವನ್ನೂ ಪಾಕಿಸ್ತಾನದೊಡನೆ ಮೂರು ಯುದ್ಧಗಳನ್ನೂ ಕಂಡಿತು. ಆದರೂ ಸ್ವತಂತ್ರ ಭಾರತದ ಪರವಾಗಿ ಮಡಿದ ಎಲ್ಲ ಯೋಧರ ಹೆಸರುಗಳನ್ನು ಒಂದೇ ಕಡೆ ಓದಬಹುದಾದ ಸ್ಥಳವು ರಾಜಧಾನಿಯಲ್ಲಿ ಇರಲಿಲ್ಲ.

ಹಿನ್ನೆಲೆ

ದೆಹಲಿಯ ಹಳೆಯ ಸೈನಿಕ ಸ್ಮಾರಕಗಳು ಬ್ರಿಟಿಷ್ ಆಳ್ವಿಕೆಯ ಕಾಲಕ್ಕೆ ಸೇರಿದವು. ಇವುಗಳಲ್ಲಿ ಪ್ರಮುಖವಾದುದು ಇಂಡಿಯಾ ಗೇಟ್. ಎಡ್ವಿನ್ ಲುಟ್ಯೆನ್ಸ್ ವಿನ್ಯಾಸಗೊಳಿಸಿದ, 42 ಮೀಟರ್ ಎತ್ತರದ ಈ ಕಮಾನಿಗೆ 1921ರ ಫೆಬ್ರವರಿ 10ರಂದು ಶಂಕುಸ್ಥಾಪನೆ ನೆರವೇರಿತು. 1931ರ ಫೆಬ್ರವರಿ 12ರಂದು ಅಂದಿನ ವೈಸ್‌ರಾಯ್ ಲಾರ್ಡ್ ಇರ್ವಿನ್ ಇದನ್ನು ಉದ್ಘಾಟಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಮತ್ತು 1919ರ ಮೂರನೆಯ ಆಂಗ್ಲೋ–ಆಫ್ಘನ್ ಯುದ್ಧದಲ್ಲಿ ಮಡಿದ ಬ್ರಿಟಿಷ್ ಭಾರತೀಯ ಸೇನೆಯ ಸುಮಾರು 70,000 ಸೈನಿಕರಿಗೆ ಇದು ಅರ್ಪಿತವಾಗಿದೆ. ಕಮಾನಿನ ಗೋಡೆಗಳ ಮೇಲೆ ಕೆತ್ತಿರುವುದು 13,000ಕ್ಕೂ ಹೆಚ್ಚು ಹೆಸರುಗಳು ಮಾತ್ರ. ಅವರಲ್ಲಿ ಭಾರತೀಯರೂ ಬ್ರಿಟಿಷ್ ಅಧಿಕಾರಿಗಳೂ ಇದ್ದಾರೆ. ಇಂದಿನ ಪಾಕಿಸ್ತಾನ ಮತ್ತು ಬಾಂಗ್ಲಾದೇಶಗಳಿಗೆ ಸೇರಿದ ಊರುಗಳಿಂದ ಹೋದವರ ಸ್ಮರಣೆಯೂ ಇಲ್ಲಿ ಸೇರಿದೆ.

ಇದಕ್ಕೂ ಮೊದಲು, 1922ರಲ್ಲಿ, ತೀನ್ ಮೂರ್ತಿ ಸ್ಮಾರಕವು ನಿರ್ಮಾಣಗೊಂಡಿತು. ಇಲ್ಲಿನ ಮೂರು ಕಂಚಿನ ಪ್ರತಿಮೆಗಳು ಮೈಸೂರು, ಹೈದರಾಬಾದ್ ಮತ್ತು ಜೋಧ್‌ಪುರ ಸಂಸ್ಥಾನಗಳ ಅಶ್ವಾರೋಹಿ ಪಡೆಗಳನ್ನು ಪ್ರತಿನಿಧಿಸುತ್ತವೆ.

ಸ್ವಾತಂತ್ರ್ಯ ಬಂದ ನಂತರ ಸೇನೆಯ ರೆಜಿಮೆಂಟುಗಳು ತಮ್ಮ ಕೇಂದ್ರಗಳಲ್ಲಿ ತಮ್ಮವರ ನೆನಪಿಗೆ ಸ್ಮಾರಕಗಳನ್ನು ಕಟ್ಟಿಕೊಂಡವು. ಯುದ್ಧಭೂಮಿಗಳಲ್ಲಿಯೂ ಸ್ಮಾರಕಗಳು ತಲೆಯೆತ್ತಿದವು. ಲಡಾಖ್‌ನ ರೆಜಾಂಗ್ ಲಾ ಸ್ಮಾರಕ, ಅರುಣಾಚಲ ಪ್ರದೇಶದ ತವಾಂಗ್ ಸ್ಮಾರಕ, ದ್ರಾಸ್‌ನ ಕಾರ್ಗಿಲ್ ಯುದ್ಧ ಸ್ಮಾರಕ ಇವುಗಳಿಗೆ ಉದಾಹರಣೆಗಳು. ಇವುಗಳಲ್ಲಿ ಪ್ರತಿಯೊಂದೂ ಒಂದು ಪಡೆಗೆ ಅಥವಾ ಒಂದು ಯುದ್ಧಕ್ಕೆ ಸೀಮಿತವಾಗಿತ್ತು. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ಭಾರತೀಯ ಶಾಂತಿಪಾಲನಾ ಪಡೆಯ ಸ್ಥಿತಿ ಇನ್ನೂ ವಿಶಿಷ್ಟವಾದುದು. ಅಲ್ಲಿ ಮಡಿದ ಸುಮಾರು 1,200 ಸೈನಿಕರ ಹೆಸರುಗಳುಳ್ಳ ಸ್ಮಾರಕವನ್ನು ಶ್ರೀಲಂಕಾ ಸರ್ಕಾರವು ಕೊಲಂಬೊ ಬಳಿ ನಿರ್ಮಿಸಿತು. ಅವರ ಹೆಸರುಗಳು ದೆಹಲಿಯ ರಾಷ್ಟ್ರೀಯ ಸ್ಮಾರಕದಲ್ಲಿ ಕಾಣಿಸಿಕೊಂಡದ್ದು ಅದಾದ ಮೇಲೆಯೇ.

ಅಮರ್ ಜವಾನ್ ಜ್ಯೋತಿ

1971ರ ಡಿಸೆಂಬರ್‌ನಲ್ಲಿ ನಡೆದ ಭಾರತ–ಪಾಕಿಸ್ತಾನ ಯುದ್ಧವು ಬಾಂಗ್ಲಾದೇಶದ ಉದಯದೊಂದಿಗೆ ಮುಕ್ತಾಯವಾಯಿತು. ಯುದ್ಧದಲ್ಲಿ ಮಡಿದವರ ಗೌರವಾರ್ಥ ಇಂಡಿಯಾ ಗೇಟ್‌ನ ಕಮಾನಿನ ಕೆಳಗೆ ಅಮರ್ ಜವಾನ್ ಜ್ಯೋತಿಯನ್ನು ಸ್ಥಾಪಿಸಲಾಯಿತು. ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು 1972ರ ಜನವರಿ 26ರಂದು ಇದನ್ನು ಉದ್ಘಾಟಿಸಿದರು. ಕಪ್ಪು ಅಮೃತಶಿಲೆಯ ಪೀಠದ ಮೇಲೆ ತಲೆಕೆಳಗಾಗಿ ನಿಲ್ಲಿಸಿದ ರೈಫಲ್, ಅದರ ಮೇಲೊಂದು ಶಿರಸ್ತ್ರಾಣ ಹಾಗೂ ನಾಲ್ಕು ಮೂಲೆಗಳಲ್ಲಿ ಜ್ಯೋತಿಪಾತ್ರೆಗಳು ಇದರ ಭಾಗಗಳಾಗಿದ್ದವು. ಯುದ್ಧಭೂಮಿಯಲ್ಲಿ ಸೈನಿಕನು ಬಿದ್ದ ಸ್ಥಳವನ್ನು ಆತನದೇ ಬಂದೂಕು ಮತ್ತು ಶಿರಸ್ತ್ರಾಣಗಳಿಂದ ಗುರುತಿಸುವ ಸೈನಿಕ ಪದ್ಧತಿಯನ್ನು ಈ ರೂಪವು ಸೂಚಿಸುತ್ತದೆ.

ಮುಂದಿನ ಸುಮಾರು 5 ದಶಕಗಳ ಕಾಲ ಇದೇ ದೇಶದ ಪ್ರಧಾನ ಸೈನಿಕ ಸ್ಮರಣಾ ಸ್ಥಳವಾಗಿತ್ತು. ಗಣರಾಜ್ಯೋತ್ಸವದ ಪಥಸಂಚಲನಕ್ಕೆ ಮುನ್ನ ಪ್ರಧಾನಮಂತ್ರಿಗಳು ಇಲ್ಲಿ ಪುಷ್ಪಗುಚ್ಛವನ್ನಿರಿಸಿ ಗೌರವ ಸಲ್ಲಿಸುತ್ತಿದ್ದರು. ಆದರೆ ಈ ಜ್ಯೋತಿಯ ಸುತ್ತಲಿನ ಗೋಡೆಗಳಲ್ಲಿದ್ದದ್ದು ವಸಾಹತು ಕಾಲದ ಯುದ್ಧಗಳಲ್ಲಿ ಮಡಿದವರ ಹೆಸರುಗಳು. 1971ರಲ್ಲಿ ಅಥವಾ ಸ್ವತಂತ್ರ ಭಾರತದ ಇತರ ಯುದ್ಧಗಳಲ್ಲಿ ಮಡಿದವರ ಹೆಸರುಗಳು ಅಲ್ಲಿರಲಿಲ್ಲ.

ಯೋಜನೆ ಮತ್ತು ನಿರ್ಮಾಣ

1960ರ ನಂತರ ಸ್ಮಾರಕದ ಪ್ರಸ್ತಾಪವು ಹಲವು ಬಾರಿ ಮುಂದಕ್ಕೆ ಬಂದು ನಿಂತುಹೋಯಿತು. 2006ರಲ್ಲಿ ಪ್ರಣಬ್ ಮುಖರ್ಜಿಯವರ ನೇತೃತ್ವದ ಸಚಿವರ ಸಮಿತಿಯು ಇದನ್ನು ಪರಿಶೀಲಿಸಿತು. ರಕ್ಷಣಾ ಸಚಿವಾಲಯವು ಇಂಡಿಯಾ ಗೇಟ್ ಪರಿಸರದತ್ತ ಒಲವು ತೋರಿತು. ಅಲ್ಲಿ ಹೊಸ ಕಟ್ಟಡವೆದ್ದರೆ ಪರಂಪರೆಯ ವಲಯದ ನೋಟಕ್ಕೆ ಧಕ್ಕೆಯಾಗುತ್ತದೆ ಮತ್ತು ಸಾರ್ವಜನಿಕರ ವಿಹಾರಸ್ಥಳವು ಕಡಿಮೆಯಾಗುತ್ತದೆ ಎಂಬ ಆಕ್ಷೇಪವೂ ಇತ್ತು. ಅಂದಿನ ದೆಹಲಿ ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಈ ಸ್ಥಳದ ಆಯ್ಕೆಯನ್ನು ವಿರೋಧಿಸಿದ್ದರು.

2015ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಯುದ್ಧ ಸ್ಮಾರಕಕ್ಕೂ ಅದರೊಂದಿಗೆ ಪ್ರಿನ್ಸೆಸ್ ಪಾರ್ಕ್ ಪ್ರದೇಶದಲ್ಲಿ ಯುದ್ಧ ವಸ್ತುಸಂಗ್ರಹಾಲಯವೊಂದಕ್ಕೂ ಅನುಮೋದನೆ ನೀಡಿತು. ವಿನ್ಯಾಸಕ್ಕಾಗಿ ಜಾಗತಿಕ ಮಟ್ಟದ ಸ್ಪರ್ಧೆಯನ್ನು ಏರ್ಪಡಿಸಲಾಯಿತು. 2017ರಲ್ಲಿ ಫಲಿತಾಂಶ ಪ್ರಕಟವಾದಾಗ ಸ್ಮಾರಕದ ವಿಭಾಗದಲ್ಲಿ ಚೆನ್ನೈನ ವಿಬಿ ಡಿಸೈನ್ ಲ್ಯಾಬ್ ಸಂಸ್ಥೆಯ ವಿನ್ಯಾಸವು ಆಯ್ಕೆಯಾಗಿತ್ತು. ಈ ಸಂಸ್ಥೆಯ ಯೋಗೇಶ್ ಚಂದ್ರಹಾಸನ್ ಸ್ಮಾರಕದ ಮುಖ್ಯ ವಾಸ್ತುಶಿಲ್ಪಿ. 2018ರಲ್ಲಿ ಆರಂಭವಾದ ನಿರ್ಮಾಣವು ಸುಮಾರು ಒಂದು ವರ್ಷದಲ್ಲಿ ಪೂರ್ಣಗೊಂಡಿತು. ಇದಕ್ಕೆ ತಗುಲಿದ ವೆಚ್ಚ ಸುಮಾರು ₹176 ಕೋಟಿ.

ವಿನ್ಯಾಸ

ಸ್ಮಾರಕವು ಒಂದೇ ಕೇಂದ್ರವುಳ್ಳ ನಾಲ್ಕು ವೃತ್ತಗಳ ರೂಪದಲ್ಲಿದೆ. ಮಹಾಭಾರತದ ಚಕ್ರವ್ಯೂಹದ ಕಲ್ಪನೆಯು ಈ ರಚನೆಗೆ ಪ್ರೇರಣೆಯಾಗಿದೆ. ಇಂಡಿಯಾ ಗೇಟ್ ಮತ್ತು ಕರ್ತವ್ಯ ಪಥದ (2022ರವರೆಗೆ ರಾಜಪಥ) ನೇರ ನೋಟಕ್ಕೆ ಅಡ್ಡಿಯಾಗದಂತೆ ಸ್ಮಾರಕದ ಬಹುಭಾಗವನ್ನು ನೆಲಮಟ್ಟಕ್ಕಿಂತ ಕೆಳಗೆ ಅಥವಾ ಕಡಿಮೆ ಎತ್ತರದಲ್ಲಿ ಕಟ್ಟಲಾಗಿದೆ. ಮಧ್ಯದ ಸ್ತಂಭವೊಂದೇ ದೂರದಿಂದ ಎದ್ದು ಕಾಣುತ್ತದೆ. ಒಳಗಿನಿಂದ ಹೊರಕ್ಕೆ ನಾಲ್ಕು ವೃತ್ತಗಳು ಹೀಗಿವೆ:

ಅಮರ ಚಕ್ರ: ಇದು ಅತ್ಯಂತ ಒಳಗಿನ ವೃತ್ತ. ಇಲ್ಲಿ 15.5 ಮೀಟರ್ ಎತ್ತರದ ಸ್ತಂಭವಿದ್ದು, ಅದರ ಬುಡದಲ್ಲಿ ಅಮರ ಜ್ಯೋತಿಯು ಸದಾ ಉರಿಯುತ್ತಿರುತ್ತದೆ. ಯೋಧನ ದೇಹ ಅಳಿದರೂ ಆತನ ಚೇತನ ಅಳಿಯದು ಎಂಬ ಭಾವವನ್ನು ಜ್ಯೋತಿಯು ಸಂಕೇತಿಸುತ್ತದೆ.

ವೀರತಾ ಚಕ್ರ: ಇದು ಮೇಲ್ಛಾವಣಿಯುಳ್ಳ ಪಡಸಾಲೆ. ಸೇನೆ, ನೌಕಾಪಡೆ ಮತ್ತು ವಾಯುಪಡೆಗಳ ಹೋರಾಟಗಳನ್ನು ಚಿತ್ರಿಸುವ ಆರು ಕಂಚಿನ ಉಬ್ಬುಚಿತ್ರಗಳು ಇಲ್ಲಿವೆ. 1948ರ ತಿಥ್ವಾಲ್ ಕದನ, 1962ರ ರೆಜಾಂಗ್ ಲಾ ಕದನ, 1971ರ ಗಂಗಾಸಾಗರ ಮತ್ತು ಲೋಂಗೆವಾಲಾ ಕದನಗಳು, ಅದೇ ವರ್ಷ ಕರಾಚಿ ಬಂದರಿನ ಮೇಲೆ ನೌಕಾಪಡೆ ನಡೆಸಿದ ಆಪರೇಷನ್ ಟ್ರೈಡೆಂಟ್ ಹಾಗೂ 1984ರಲ್ಲಿ ಸಿಯಾಚಿನ್ ಹಿಮನದಿಯಲ್ಲಿ ನಡೆದ ಆಪರೇಷನ್ ಮೇಘದೂತ್ ಇವುಗಳ ವಸ್ತು.

ತ್ಯಾಗ ಚಕ್ರ: ಇದು ಸ್ಮಾರಕದ ಹೃದಯಭಾಗ. ವೃತ್ತಾಕಾರವಾಗಿ ಸಾಗುವ 16 ಗೋಡೆಗಳಲ್ಲಿ ಯೋಧರ ಹೆಸರುಗಳಿವೆ. ಒಬ್ಬೊಬ್ಬ ಯೋಧನಿಗೂ ಪ್ರತ್ಯೇಕ ಗ್ರಾನೈಟ್ ಫಲಕವಿದ್ದು, ಅದರ ಮೇಲೆ ಹೆಸರು, ಹುದ್ದೆ ಮತ್ತು ಘಟಕದ ವಿವರಗಳನ್ನು ಚಿನ್ನದ ಬಣ್ಣದ ಅಕ್ಷರಗಳಲ್ಲಿ ಕೆತ್ತಲಾಗಿದೆ. ಅಧಿಕಾರಿಯ ಫಲಕಕ್ಕೂ ಸಿಪಾಯಿಯ ಫಲಕಕ್ಕೂ ಗಾತ್ರದಲ್ಲಿ ಭೇದವಿಲ್ಲ.

ರಕ್ಷಕ ಚಕ್ರ: ಅತ್ಯಂತ ಹೊರಗಿನ ಈ ವೃತ್ತವು 600ಕ್ಕೂ ಹೆಚ್ಚು ಮರಗಳ ಸಾಲುಗಳಿಂದ ಕೂಡಿದೆ. ಹಗಲಿರುಳು ಗಡಿ ಕಾಯುವ ಸೈನಿಕರನ್ನು ಈ ಮರಗಳು ಪ್ರತಿನಿಧಿಸುತ್ತವೆ.

ಪರಮ ಯೋಧಾ ಸ್ಥಳ

ಸ್ಮಾರಕದ ಆವರಣದ ಒಂದು ಭಾಗವನ್ನು ಪರಮವೀರ ಚಕ್ರ ಪುರಸ್ಕೃತರಿಗೆ ಮೀಸಲಿರಿಸಲಾಗಿದೆ. ಪರಮವೀರ ಚಕ್ರವು ಯುದ್ಧಕಾಲದ ಶೌರ್ಯಕ್ಕೆ ಭಾರತವು ನೀಡುವ ಅತ್ಯುನ್ನತ ಪದಕವಾಗಿದ್ದು, 1950ರ ಜನವರಿ 26ರಂದು ಸ್ಥಾಪಿತವಾಯಿತು. ಈವರೆಗೆ ಇದನ್ನು ಪಡೆದವರು 21 ಮಂದಿ. ಅವರಲ್ಲಿ 14 ಮಂದಿಗೆ ಇದು ಮರಣೋತ್ತರವಾಗಿ ಸಂದಿದೆ. ಎಲ್ಲ 21 ಮಂದಿಯ ಎದೆಮಟ್ಟದ ಕಂಚಿನ ಪ್ರತಿಮೆಗಳನ್ನು ಇಲ್ಲಿ ಸ್ಥಾಪಿಸಲಾಗಿದೆ. 1947ರ ನವೆಂಬರ್ 3ರಂದು ಕಾಶ್ಮೀರದ ಬಡಗಾಮ್‌ನಲ್ಲಿ ಮಡಿದ ಮೇಜರ್ ಸೋಮನಾಥ ಶರ್ಮಾ ಈ ಪದಕದ ಮೊದಲ ಪುರಸ್ಕೃತರು. 1961ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಭಾಗವಾಗಿ ಕಾಂಗೋ ದೇಶದಲ್ಲಿ ಮಡಿದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಕೂಡ ಇವರಲ್ಲೊಬ್ಬರು.

ಕೆತ್ತಲಾದ ಹೆಸರುಗಳು

ಯಾರ ಹೆಸರು ಗೋಡೆಯ ಮೇಲೆ ಬರುತ್ತದೆ ಎಂಬುದು ಯಾವುದೇ ಯುದ್ಧ ಸ್ಮಾರಕದ ಮೂಲಭೂತ ಪ್ರಶ್ನೆ. ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ 1947–48, 1962, 1965 ಹಾಗೂ 1971ರ ಯುದ್ಧಗಳು, 1961ರ ಗೋವಾ ಕಾರ್ಯಾಚರಣೆ, ಸಿಯಾಚಿನ್, ಶ್ರೀಲಂಕಾದಲ್ಲಿನ ಆಪರೇಷನ್ ಪವನ್, 1999ರ ಕಾರ್ಗಿಲ್ ಯುದ್ಧ, ಬಂಡಾಯ ನಿಗ್ರಹ ಕಾರ್ಯಾಚರಣೆಗಳು ಮತ್ತು ವಿಶ್ವಸಂಸ್ಥೆಯ ಶಾಂತಿಪಾಲನಾ ಸೇವೆಯಲ್ಲಿ ಮಡಿದವರ ಹೆಸರುಗಳಿವೆ. 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯ ಸಂಘರ್ಷದಲ್ಲಿ ಮಡಿದ 20 ಯೋಧರ ಹೆಸರುಗಳನ್ನು ನಂತರ ಸೇರಿಸಲಾಯಿತು.

ಜನಸಾಮಾನ್ಯರು ಮತ್ತು ಪತ್ರಿಕೆಗಳು ಇಂತಹ ಯೋಧರನ್ನು ‘ಹುತಾತ್ಮ’ರೆಂದು ಕರೆಯುವುದು ವಾಡಿಕೆ. ಆದರೆ ಸೇನೆಯ ಅಧಿಕೃತ ಪರಿಭಾಷೆಯಲ್ಲಿ ಈ ಪದವಿಲ್ಲ. ಅಲ್ಲಿ ಬಳಕೆಯಲ್ಲಿರುವುದು, ಕಾರ್ಯಾಚರಣೆಯಲ್ಲಿ ಸಂಭವಿಸಿದ ಸಾವುನೋವನ್ನು ಇತರ ಕಾರಣಗಳಿಂದ ಸಂಭವಿಸಿದವುಗಳಿಂದ ಬೇರ್ಪಡಿಸುವ ವರ್ಗೀಕರಣ. ಕುಟುಂಬಕ್ಕೆ ದೊರೆಯುವ ಪಿಂಚಣಿ ಮತ್ತು ಪರಿಹಾರಗಳು ಈ ವರ್ಗೀಕರಣವನ್ನು ಅವಲಂಬಿಸಿರುವುದರಿಂದ ಇದು ಕೇವಲ ಶಬ್ದದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಗಡಿ ಭದ್ರತಾ ಪಡೆ, ಕೇಂದ್ರ ಮೀಸಲು ಪೊಲೀಸ್ ಪಡೆ ಮೊದಲಾದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳು ಗೃಹ ಸಚಿವಾಲಯದ ಅಧೀನದಲ್ಲಿವೆ. ಈ ಪಡೆಗಳ ಹಾಗೂ ರಾಜ್ಯ ಪೊಲೀಸರ ತ್ಯಾಗದ ಸ್ಮರಣೆಗೆ ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕವಿದೆ. ಇದು 2018ರ ಅಕ್ಟೋಬರ್ 21ರಂದು ಉದ್ಘಾಟನೆಗೊಂಡಿತು. 1959ರ ಅದೇ ದಿನ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಪಡೆಗಳ ದಾಳಿಗೆ 10 ಪೊಲೀಸರು ಬಲಿಯಾಗಿದ್ದರು.

ಜ್ಯೋತಿಗಳ ವಿಲೀನ

2022ರ ಜನವರಿ 21ರಂದು ಇಂಡಿಯಾ ಗೇಟ್‌ನ ಅಮರ್ ಜವಾನ್ ಜ್ಯೋತಿಯನ್ನು ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಯೊಂದಿಗೆ ವಿಲೀನಗೊಳಿಸಲಾಯಿತು. ಸೈನಿಕ ವಿಧಿಗಳೊಂದಿಗೆ ದೀವಟಿಗೆಯಲ್ಲಿ ಜ್ಯೋತಿಯನ್ನು ಕೊಂಡೊಯ್ದು ಏರ್ ಮಾರ್ಷಲ್ ಬಲಭದ್ರ ರಾಧಾಕೃಷ್ಣ ಅವರ ನೇತೃತ್ವದಲ್ಲಿ ಈ ಕಾರ್ಯವನ್ನು ನೆರವೇರಿಸಲಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ತಲೆಕೆಳಗಾದ ರೈಫಲ್ ಮತ್ತು ಶಿರಸ್ತ್ರಾಣವನ್ನು ಪರಮ ಯೋಧಾ ಸ್ಥಳಕ್ಕೆ ಸ್ಥಳಾಂತರಿಸಲಾಯಿತು.

ಈ ಕ್ರಮದ ಬಗ್ಗೆ ಭಿನ್ನಾಭಿಪ್ರಾಯಗಳು ವ್ಯಕ್ತವಾದವು. 1971ರಲ್ಲಿ ಮಡಿದವರಿಗೆ ಗೌರವ ಸಲ್ಲಿಸುವ ಜ್ಯೋತಿಯು ಅವರ ಹೆಸರುಗಳಿಲ್ಲದ ಕಡೆ ಉರಿಯುತ್ತಿತ್ತು, ಹೆಸರುಗಳಿರುವ ಸ್ಥಳದಲ್ಲಿಯೇ ಅದು ಇರುವುದು ಯುಕ್ತ ಎಂದು ಸರ್ಕಾರವು ಸಮರ್ಥಿಸಿಕೊಂಡಿತು. ಜ್ಯೋತಿಯನ್ನು ಆರಿಸಿಲ್ಲ, ಒಂದುಗೂಡಿಸಲಾಗಿದೆ ಎಂದೂ ಅದು ಸ್ಪಷ್ಟಪಡಿಸಿತು. ವಿರೋಧ ಪಕ್ಷಗಳ ನಾಯಕರು ಮತ್ತು ಕೆಲವು ನಿವೃತ್ತ ಸೇನಾಧಿಕಾರಿಗಳು 50 ವರ್ಷಗಳಿಂದ ಜನಮನದಲ್ಲಿ ನೆಲೆಸಿದ್ದ ಸ್ಥಳದ ನಂಟನ್ನು ಕಡಿದಂತಾಯಿತು, ಎರಡು ಜ್ಯೋತಿಗಳೂ ಉರಿಯಬಹುದಾಗಿತ್ತು ಎಂದು ವಾದಿಸಿದರು. ಇಂಡಿಯಾ ಗೇಟ್‌ನಲ್ಲಿ ಹೆಸರಿರುವ ಸೈನಿಕರು ಪರರ ಸಾಮ್ರಾಜ್ಯಕ್ಕಾಗಿ ಹೋರಾಡಿದವರಾದರೂ ಈ ನೆಲದ ಮಕ್ಕಳೇ ಎಂಬ ಅಭಿಪ್ರಾಯವೂ ಚರ್ಚೆಯಲ್ಲಿ ಕೇಳಿಬಂದಿತು. ಇನ್ನು ಕೆಲವು ಹಿರಿಯ ಸೇನಾನಿಗಳು ವಿಲೀನವನ್ನು ಸ್ವಾಗತಿಸಿದರು.

1968ರವರೆಗೆ ಐದನೆಯ ಜಾರ್ಜ್ ದೊರೆಯ ಪ್ರತಿಮೆಯಿದ್ದ ಸಮೀಪದ ಕಲ್ಲಿನ ಮಂಟಪವು ಬಹುಕಾಲ ಖಾಲಿಯಾಗಿತ್ತು. 2022ರ ಸೆಪ್ಟೆಂಬರ್ 8ರಂದು ಅಲ್ಲಿ ಸುಭಾಷ್‌ಚಂದ್ರ ಬೋಸ್ ಅವರ ಗ್ರಾನೈಟ್ ಪ್ರತಿಮೆಯನ್ನು ಅನಾವರಣಗೊಳಿಸಲಾಯಿತು.

ಆಚರಣೆಗಳು

2020ರ ಗಣರಾಜ್ಯೋತ್ಸವದಿಂದ ಪ್ರಧಾನಮಂತ್ರಿಗಳು ಪಥಸಂಚಲನಕ್ಕೆ ಮುನ್ನ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಪುಷ್ಪಗುಚ್ಛವನ್ನಿರಿಸಿ ಗೌರವ ಸಲ್ಲಿಸುವ ಪದ್ಧತಿ ಆರಂಭವಾಗಿದೆ. ಸೇನೆಗೆ ಸಂಬಂಧಿಸಿದ ಇತರ ದಿನಗಳಲ್ಲಿಯೂ ಇಲ್ಲಿ ಗೌರವ ಸಮರ್ಪಣೆ ನಡೆಯುತ್ತದೆ. ಅವುಗಳಲ್ಲಿ ಮುಖ್ಯವಾದವು:

ಜನವರಿ 15, ಸೇನಾ ದಿನ: 1949ರ ಈ ದಿನ ಕೆ. ಎಂ. ಕಾರ್ಯಪ್ಪ ಅವರು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡರು.
ಜುಲೈ 26, ಕಾರ್ಗಿಲ್ ವಿಜಯ ದಿನ: 1999ರ ಕಾರ್ಗಿಲ್ ಯುದ್ಧದ ಮುಕ್ತಾಯದ ನೆನಪು. ಈ ಯುದ್ಧದಲ್ಲಿ ಭಾರತದ 527 ಯೋಧರು ಮಡಿದರು.
ಅಕ್ಟೋಬರ್ 8, ವಾಯುಪಡೆ ದಿನ: 1932ರಲ್ಲಿ ವಾಯುಪಡೆಯು ಸ್ಥಾಪನೆಯಾದ ದಿನ.
ಡಿಸೆಂಬರ್ 4, ನೌಕಾಪಡೆ ದಿನ: 1971ರ ಆಪರೇಷನ್ ಟ್ರೈಡೆಂಟ್‌ನ ನೆನಪು.
ಡಿಸೆಂಬರ್ 16, ವಿಜಯ ದಿನ: 1971ರಲ್ಲಿ ಢಾಕಾದಲ್ಲಿ ಪಾಕಿಸ್ತಾನಿ ಪಡೆಗಳು ಶರಣಾದ ದಿನ.

ದೊಡ್ಡ ಸಮಾರಂಭಗಳಿಗಿಂತ ಭಿನ್ನವಾದ ಒಂದು ಆಚರಣೆ ಇಲ್ಲಿ ಸಂಜೆಯ ವೇಳೆ ನಡೆಯುತ್ತದೆ. ಮಡಿದ ಯೋಧರೊಬ್ಬರ ಕುಟುಂಬದ ಸದಸ್ಯರು ಸೈನಿಕ ಗೌರವದೊಂದಿಗೆ ಅಮರ ಚಕ್ರದಲ್ಲಿ ಪುಷ್ಪಗುಚ್ಛವನ್ನಿರಿಸುತ್ತಾರೆ. ತಮ್ಮವರ ಹೆಸರಿನ ಫಲಕವನ್ನು ಹುಡುಕಿ, ಕೈಯಿಂದ ಮುಟ್ಟಿ ನೋಡುವ ಅವಕಾಶವು ದೂರದ ಊರುಗಳಿಂದ ಬರುವ ಕುಟುಂಬಗಳಿಗೆ ಇಲ್ಲಿ ದೊರೆಯುತ್ತದೆ. ವಿದೇಶಗಳಲ್ಲಿಯೋ ದುರ್ಗಮ ಗಡಿಯಲ್ಲಿಯೋ ಅಂತ್ಯಸಂಸ್ಕಾರ ನಡೆದ ಹಳೆಯ ಯುದ್ಧಗಳ ಯೋಧರ ಮಟ್ಟಿಗೆ ಇದಕ್ಕೆ ವಿಶೇಷ ಅರ್ಥವಿದೆ.

ಡಿಸೆಂಬರ್ 7ರಂದು ಆಚರಿಸುವ ಸಶಸ್ತ್ರ ಪಡೆಗಳ ಧ್ವಜ ದಿನವು ಸ್ಮರಣೆಯ ಮತ್ತೊಂದು ಮುಖ. 1949ರಿಂದ ಆಚರಣೆಯಲ್ಲಿರುವ ಈ ದಿನ ಪುಟ್ಟ ಧ್ವಜಗಳನ್ನು ವಿತರಿಸಿ ಸಾರ್ವಜನಿಕರಿಂದ ದೇಣಿಗೆ ಸಂಗ್ರಹಿಸಲಾಗುತ್ತದೆ. ಈ ನಿಧಿಯನ್ನು ಮಡಿದ ಯೋಧರ ಕುಟುಂಬಗಳು, ಯುದ್ಧದಲ್ಲಿ ಅಂಗವಿಕಲರಾದವರು ಮತ್ತು ಮಾಜಿ ಸೈನಿಕರ ಕಲ್ಯಾಣಕ್ಕೆ ವಿನಿಯೋಗಿಸಲಾಗುತ್ತದೆ.

ಕರ್ನಾಟಕದ ನಂಟು

ಪರಮ ಯೋಧಾ ಸ್ಥಳದಲ್ಲಿ ಪ್ರತಿಮೆಯಿರುವ ರಾಮ ರಾಘೋಬ ರಾಣೆ ಅವರು ಉತ್ತರ ಕನ್ನಡ ಜಿಲ್ಲೆಯ ಕಾರವಾರ ಸಮೀಪದ ಚೆಂಡಿಯಾ ಗ್ರಾಮದ ಮೂಲದವರು. 1948ರ ಏಪ್ರಿಲ್‌ನಲ್ಲಿ ನೌಶೇರಾ–ರಜೌರಿ ರಸ್ತೆಯಲ್ಲಿ ಶತ್ರುಗಳ ಗುಂಡಿನ ದಾಳಿಯ ನಡುವೆಯೇ ನೆಲಬಾಂಬುಗಳನ್ನೂ ರಸ್ತೆತಡೆಗಳನ್ನೂ ತೆರವುಗೊಳಿಸಿ ಭಾರತೀಯ ಟ್ಯಾಂಕುಗಳ ಮುನ್ನಡೆಗೆ ಅವರು ದಾರಿ ಮಾಡಿಕೊಟ್ಟರು. ಪರಮವೀರ ಚಕ್ರವನ್ನು ಜೀವಂತವಾಗಿರುವಾಗಲೇ ಪಡೆದ ಕೆಲವೇ ಮಂದಿಯಲ್ಲಿ ಅವರೊಬ್ಬರು.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಪ್ರಕರಣವು ಗೌರವವು ಎಷ್ಟು ತಡವಾಗಿ ಸಲ್ಲಬಹುದೆಂಬುದಕ್ಕೆ ನಿದರ್ಶನ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಿಂದ ಅವರು ಮರಳಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಿಂದ ಹೆಚ್ಚು ವೇಗದ ಸ್ಟಾರ್‌ಫೈಟರ್ ವಿಮಾನವೊಂದನ್ನು ಅವರು ಹೊಡೆದುರುಳಿಸಿದ್ದರೆಂಬ ಸಂಗತಿ ಹಲವು ವರ್ಷಗಳ ನಂತರ ಬೆಳಕಿಗೆ ಬಂದಿತು. 23 ವರ್ಷಗಳ ತರುವಾಯ, 1988ರಲ್ಲಿ, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಲಾಯಿತು.

2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮಕುಸಿತವಾದಾಗ ಮದ್ರಾಸ್ ರೆಜಿಮೆಂಟಿನ 10 ಸೈನಿಕರು ಹಿಮದಡಿ ಸಿಲುಕಿದರು. ಧಾರವಾಡ ಜಿಲ್ಲೆಯ ಬೆಟದೂರು ಗ್ರಾಮದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು 6 ದಿನಗಳ ನಂತರ ಜೀವಂತವಾಗಿ ಹೊರತೆಗೆಯಲಾಯಿತಾದರೂ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು.

ಮಡಿದ ಯೋಧನ ಹೆಸರನ್ನು ಕಲ್ಲಿನಲ್ಲಿ ಉಳಿಸುವ ಪದ್ಧತಿಯು ಕನ್ನಡ ನಾಡಿಗೆ ಹೊಸದಲ್ಲ. ಊರನ್ನು, ತುರುಗಳನ್ನು ಅಥವಾ ಒಡೆಯನನ್ನು ಕಾಯುತ್ತ ಮಡಿದವರಿಗೆ ವೀರಗಲ್ಲು ನಿಲ್ಲಿಸುವ ಸಂಪ್ರದಾಯವು ಶತಮಾನಗಳ ಕಾಲ ಇಲ್ಲಿ ನಡೆದುಬಂದಿದೆ. ಸಾಮಾನ್ಯವಾಗಿ ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಕೊಂಡೊಯ್ಯುವ ದೃಶ್ಯ, ಮೇಲಿನದರಲ್ಲಿ ದೇವಸನ್ನಿಧಿಯಲ್ಲಿರುವ ವೀರನ ಚಿತ್ರಣಗಳಿರುತ್ತವೆ. ಮಡಿದವನ ಕುಟುಂಬಕ್ಕೆ ಕೊಡುತ್ತಿದ್ದ ಭೂಮಿಯನ್ನು ಶಾಸನಗಳು ‘ನೆತ್ತರುಗೊಡಗೆ’ ಎಂದು ಕರೆಯುತ್ತವೆ. ಸ್ಮರಣೆ ಮತ್ತು ಕುಟುಂಬದ ಪೋಷಣೆ ಎರಡೂ ಸಮಾಜದ ಹೊಣೆ ಎಂಬ ತಿಳಿವಳಿಕೆ ಈ ಪದದಲ್ಲಿದೆ.

ಬೆಂಗಳೂರಿನ ನೆಹರು ತಾರಾಲಯದ ಸಮೀಪದಲ್ಲಿರುವ ರಾಷ್ಟ್ರೀಯ ಸೈನಿಕ ಸ್ಮಾರಕವು ಈ ಪರಂಪರೆಯನ್ನು ನೇರವಾಗಿ ಮುಂದುವರಿಸಿದೆ. ಸ್ವಾತಂತ್ರ್ಯಾನಂತರ ಮಡಿದ ಯೋಧರ ಹೆಸರುಗಳ ಫಲಕಗಳೊಂದಿಗೆ ಅಲ್ಲಿ ಏಕಶಿಲೆಯ ಬೃಹತ್ ವೀರಗಲ್ಲನ್ನು ನಿಲ್ಲಿಸಲಾಗಿದೆ.

ಇವನ್ನೂ ನೋಡಿ

ಇಂಡಿಯಾ ಗೇಟ್
ಪರಮವೀರ ಚಕ್ರ
ಕಾರ್ಗಿಲ್ ಯುದ್ಧ
ಸಶಸ್ತ್ರ ಪಡೆಗಳ ಧ್ವಜ ದಿನ
ವೀರಗಲ್ಲು